ಮೂರು ಹಳೆ ರೈಲು ದಾರಿಗಳು: ಡರ್ಬಿಶೈರ್ ಗುಡ್ಡಗಳಲ್ಲಿ ಸೈಕಲ್ ತುಳಿಯಲು ಯಾವುದು ಮೇಲು?

ಇಂಗ್ಲೆಂಡಿನ ಡರ್ಬಿಗೆ ಬಂದು ನೆಲೆಸಿ ಆರು ವರ್ಷ ಆಯಿತು. ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರು ನನ್ನ ಸೈಕಲ್ ನೋಡಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: ಕಾರುಗಳ ಕಾಟ ಇಲ್ಲದೆ ಹಳ್ಳಿಗಾಡಿನಲ್ಲಿ ಸುತ್ತಬೇಕು, ಎಲ್ಲಿಗೆ ಹೋಗಲಿ?

ಇಲ್ಲಿನ ಹಳ್ಳಿ ರಸ್ತೆಗಳು ಫೋಟೋದಲ್ಲಿ ತುಂಬಾ ಚೆಂದ. ತುಳಿಯುವಾಗ ಹಾಗಲ್ಲ. ಎರಡೂ ಕಡೆ ಕಲ್ಲಿನ ಗೋಡೆ, ನಡುವೆ ಒಂದೂವರೆ ಕಾರಿನಷ್ಟು ಜಾಗ. ತಿರುವಿನ ಆಚೆ ಏನು ಬರುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಹತ್ತು ವರ್ಷದ ಮಗಳನ್ನು ಅಂಥ ರಸ್ತೆಗೆ ಇಳಿಸಲು ನನಗೆ ಮನಸ್ಸು ಬರಲಿಲ್ಲ. ಹಾಗಾಗಿ ನಾವು ಹಿಡಿದದ್ದು ಹಳಿ ಕಿತ್ತ ರೈಲು ದಾರಿಗಳನ್ನು. ಇಲ್ಲಿನ ಗುಡ್ಡಗಾಡು ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಅಂಥವು ಹಲವು ಇವೆ, ನಾವು ಹಿಡಿದದ್ದು ಮೂರು: ಮಾನ್ಸಲ್ ಟ್ರೇಲ್, ಟಿಸಿಂಗ್ಟನ್ ಟ್ರೇಲ್, ಹೈ ಪೀಕ್ ಟ್ರೇಲ್. ಮೂರನ್ನೂ ಬೇರೆ ಬೇರೆ ಕಾಲದಲ್ಲಿ, ಕೆಲವು ಸಲ ಮಗಳ ಜೊತೆ, ಕೆಲವು ಸಲ ಒಬ್ಬನೇ ಬ್ಯಾಗು ಹೇರಿಕೊಂಡು, ಮತ್ತೆ ಮತ್ತೆ ತುಳಿದಿದ್ದೇನೆ.

ಮೂರೂ ಹಳೆ ರೈಲು ದಾರಿ ಅಂದರೆ ಮೂರೂ ಒಂದೇ ಥರ ಇರಬೇಕು ಅಲ್ವಾ? ಇಲ್ಲ. ಯಾವ ಕಾಲದಲ್ಲಿ, ಯಾತಕ್ಕಾಗಿ ಕಟ್ಟಿದರು ಅನ್ನುವುದು ಇವತ್ತಿಗೂ ಕಾಲಿಗೆ ಗೊತ್ತಾಗುತ್ತದೆ.

ಮಾನ್ಸಲ್: ಚೆಲುವೆಲ್ಲ ಎಂಟೂವರೆ ಮೈಲಿಯಲ್ಲಿ

ಬೇಕ್‌ವೆಲ್‌ನಿಂದ ಚೀ ಡೇಲ್ ಕಣಿವೆಯ ಬ್ಲ್ಯಾಕ್‌ವೆಲ್ ಮಿಲ್ ತನಕ 8.5 ಮೈಲಿ, ಅಂದರೆ 14 ಕಿ.ಮೀ.ಗೆ ಸ್ವಲ್ಪ ಕಮ್ಮಿ. 1860ರ ದಶಕದಲ್ಲಿ ಮಿಡ್‌ಲ್ಯಾಂಡ್ ರೈಲ್ವೆ ಕಟ್ಟಿದ ಮುಖ್ಯ ಮಾರ್ಗ ಇದು. ಎಕ್ಸ್‌ಪ್ರೆಸ್ ರೈಲು ಓಡಬೇಕಿತ್ತು, ಹಾಗಾಗಿ ಗುಡ್ಡ ಅಡ್ಡ ಬಂದಲ್ಲಿ ಕೊರೆದರು, ಕಣಿವೆ ಬಂದಲ್ಲಿ ಸೇತುವೆ ಕಟ್ಟಿದರು. 1968ರಲ್ಲಿ ಮಾರ್ಗ ಮುಚ್ಚಿತು. ಆಮೇಲೆ ನಡಿಗೆ ದಾರಿ ಆಯಿತು. ಆದರೆ ಸುರಂಗಗಳಿಗೆ ಬೀಗ ಇತ್ತು. ಹೆಡ್‌ಸ್ಟೋನ್, ಕ್ರೆಸ್‌ಬ್ರುಕ್, ಲಿಟನ್, ಚೀ ಟಾರ್, ಈ ನಾಲ್ಕು ದೊಡ್ಡ ಸುರಂಗಗಳನ್ನು 2011ರಲ್ಲಿ ತೆರೆದ ಮೇಲೆ ಸೈಕಲ್‌ನವರಿಗೆ ಇದು ನಿಜವಾಗಿ ದಕ್ಕಿತು.

ಒಂದೊಂದೂ ಹೆಚ್ಚುಕಡಿಮೆ 400 ಮೀಟರ್. ಜುಲೈ ತಿಂಗಳ ಬಿಸಿಲಲ್ಲಿ ಹೆಡ್‌ಸ್ಟೋನ್ ಬಾಯಿಗೆ ಹೋದಾಗ ಒಳಗಿಂದ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. "ಅಪ್ಪಾ, ಫ್ರಿಜ್ ಬಾಗಿಲು ತೆಗೆದ ಹಾಗಿದೆ" ಅಂದಳು ಮಗಳು. ಒಳಗೆ ದೀಪ ಇದೆ, ಆದರೆ ಮಂದ. ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ, ಬೆಲ್ ಬಾರಿಸಿದರೆ ಸದ್ದು ಗೋಡೆ ಹಿಡಿದುಕೊಂಡು ಮುಂದೆ ಓಡುತ್ತದೆ. ಸುರಂಗ ಮುಗಿದ ಕೂಡಲೇ ಹೆಡ್‌ಸ್ಟೋನ್ ಸೇತುವೆ. ಕೆಳಗೆ ವೈ ನದಿ ತಿರುಗಿಕೊಂಡು ಹೋಗುತ್ತದೆ. ಕತ್ತಲಿಂದ ಒಮ್ಮೆಲೇ ಅಷ್ಟು ಹಸಿರಿಗೆ ಬೀಳುವುದಿದೆಯಲ್ಲ, ಅದು ಇನ್ನೆಲ್ಲೂ ಸಿಗಲಿಲ್ಲ. ಮಿಲ್ಲರ್ಸ್ ಡೇಲ್ ಹತ್ತಿರ ದೊಡ್ಡ ಸುಣ್ಣದ ಗೂಡುಗಳಿವೆ. ನಮ್ಮ ಕಡೆ ಸುಣ್ಣದ ಗೂಡು ನೋಡಿದವರಿಗೆ ಇದರ ಗಾತ್ರ ಕಂಡು ಆಶ್ಚರ್ಯ ಆಗುತ್ತದೆ.

ಆದರೆ ದೂರ ತುಳಿಯಬೇಕು ಅನ್ನುವವರಿಗೆ ಇದು ಸಾಲದು. ಒಂದು ಗಂಟೆಯಲ್ಲಿ ಆ ತುದಿ ಮುಟ್ಟುತ್ತೀರಿ, ಬಂದ ದಾರಿಯಲ್ಲೇ ವಾಪಸ್. ಭಾನುವಾರ ಮಧ್ಯಾಹ್ನ ಜನ, ನಾಯಿ, ತಳ್ಳುಗಾಡಿಯಲ್ಲಿ ಮಗು, ಎಲ್ಲ ಇರುತ್ತಾರೆ. ಸೈಕಲ್ ಓಡಿಸುವುದಕ್ಕಿಂತ ಬೆಲ್ ಬಾರಿಸುವುದೇ ಜಾಸ್ತಿ. ವಾರದ ನಡುವೆ, ಬೆಳಿಗ್ಗೆ ಒಂಬತ್ತರೊಳಗೆ ಹೋಗಿ. ವಾಪಸ್ ಬರುವಾಗ ಹಾಸಪ್‌ನ ಹಳೆ ಸ್ಟೇಷನ್ನಿನ ಕೆಫೆಯಲ್ಲಿ ಟೀ ಕುಡಿಯಿರಿ.

ಟಿಸಿಂಗ್ಟನ್: ಕಾಣದ ಏರು

ಆಶ್‌ಬೋರ್ನ್‌ನಿಂದ ಪಾರ್ಸ್ಲಿ ಹೇ ತನಕ 13 ಮೈಲಿ, ಸುಮಾರು 21 ಕಿ.ಮೀ. ಈ ಮಾರ್ಗ ಶುರುವಾದದ್ದು 1899ರಲ್ಲಿ, ಇಂಗ್ಲೆಂಡಿನಲ್ಲಿ ರೈಲು ಕಟ್ಟುವ ಕಾಲ ಮುಗಿಯುತ್ತಾ ಬಂದಾಗ. ಅಷ್ಟು ಹೊತ್ತಿಗೆ ಕೆಲಸ ಚೆನ್ನಾಗಿ ಕಲಿತಿದ್ದರು. ಗುಡ್ಡ ಕಡಿದ ಮಣ್ಣು-ಕಲ್ಲನ್ನೇ ತಗ್ಗಿಗೆ ತುಂಬಿ, ಏರಿಳಿತದ ನೆಲದ ಮೇಲೆ ಒಂದೇ ಹದದ ದಾರಿ ಎಳೆದಿದ್ದಾರೆ. 1971ರಲ್ಲಿ ಇದು ಟ್ರೇಲ್ ಆಗಿ ತೆರೆಯಿತು.

ಏರು ಕಣ್ಣಿಗೆ ಕಾಣುವುದಿಲ್ಲ, ತೊಡೆಗೆ ಗೊತ್ತಾಗುತ್ತದೆ. ಉತ್ತರಕ್ಕೆ ಹೋಗುವಾಗ "ಇವತ್ತು ಯಾಕೋ ಸುಸ್ತು" ಅನ್ನಿಸುತ್ತದೆ. ವಾಪಸ್ ಬರುವಾಗ ಪೆಡಲ್ ಸುಮ್ನೆ ಇದ್ದರೂ ಸೈಕಲ್ ಓಡುತ್ತದೆ, ಆಗ ಕಾರಣ ತಿಳಿಯುತ್ತದೆ. ಮಕ್ಕಳ ಜೊತೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ: ಕಷ್ಟವೆಲ್ಲ ಮೊದಲು, ಸುಖವೆಲ್ಲ ಆಮೇಲೆ.

ಒಂದು ಕಡೆ ಮಾತ್ರ ಹುಷಾರು. ಆಶ್‌ಬೋರ್ನ್ ಬಿಟ್ಟು ಸ್ವಲ್ಪ ದೂರಕ್ಕೆ ಹಳೆ ಸೇತುವೆ ಈಗ ಇಲ್ಲ. ಅಲ್ಲಿ ದಾರಿ ಕಡಿದಾಗಿ ಇಳಿದು ಮತ್ತೆ ಏರುತ್ತದೆ. ಮೊದಲ ಸಲ ಮಗಳಿಗೆ ಬಾಡಿಗೆ ಸೈಕಲ್ ತೆಗೆದುಕೊಂಡಿದ್ದೆ. ಅದರ ಹಿಂದಿನ ಬ್ರೇಕ್ ರಬ್ಬರು ಸವೆದುಹೋಗಿದ್ದು ಆ ಇಳಿಜಾರಿನಲ್ಲೇ ಗೊತ್ತಾಯಿತು. ಹುಲ್ಲಿನ ಮೇಲೆ ಬಿದ್ದಳು, ಮೊಣಕೈ ತರಚಿತು, ಪುಣ್ಯಕ್ಕೆ ಅಷ್ಟಕ್ಕೇ ಮುಗಿಯಿತು. ಅವತ್ತಿನಿಂದ ಅಂಗಡಿ ಬಾಗಿಲಲ್ಲೇ ಎರಡೂ ಬ್ರೇಕ್ ಹಿಡಿದು, ಸೈಕಲ್ ಮುಂದೆ-ಹಿಂದೆ ತಳ್ಳಿ ನೋಡದೆ ದುಡ್ಡು ಕೊಡುವುದಿಲ್ಲ. ನೀವೂ ಹಾಗೇ ಮಾಡಿ.

ಟಿಸಿಂಗ್ಟನ್ ಹಳ್ಳಿ ದಾರಿಯ ಪಕ್ಕದಲ್ಲೇ ಇದೆ. ಮೇ ತಿಂಗಳ ಆಸುಪಾಸು, ಕ್ರಿಸ್ತನ ಸ್ವರ್ಗಾರೋಹಣದ ಹಬ್ಬಕ್ಕೆ ಅಲ್ಲಿಯ ಬಾವಿಗಳಿಗೆ ಅಲಂಕಾರ ಮಾಡುತ್ತಾರೆ. ಹಲಗೆಗೆ ಹಸಿ ಜೇಡಿಮಣ್ಣು ಮೆತ್ತಿ, ಹೂವಿನ ಎಸಳು ಒಂದೊಂದಾಗಿ ಒತ್ತಿ ಚಿತ್ರ ಬಿಡಿಸುತ್ತಾರೆ. ನೀರಿಗೆ ಕೈ ಮುಗಿಯುವ ಪದ್ಧತಿ. ಗಂಗೆಪೂಜೆ ನೋಡಿ ಬೆಳೆದ ನನ್ನ ಹೆಂಡತಿ ಆ ಬಾವಿಯ ಮುಂದೆ ಅರ್ಧ ಗಂಟೆ ನಿಂತುಬಿಟ್ಟಳು.

ಕೊರತೆ ಅಂದರೆ ಕಡಿತಗಳು. ದಾರಿ ಸಮ ಮಾಡಲು ಗುಡ್ಡ ಕಡಿದಲ್ಲೆಲ್ಲ ಎರಡೂ ಕಡೆ ಕಲ್ಲಿನ ಗೋಡೆ ಏಳುತ್ತದೆ, ಸುತ್ತಲಿನ ನೋಟ ಹೋಗುತ್ತದೆ.

ಹೈ ಪೀಕ್: ಕಾಲುವೆ ಕಟ್ಟುವವರ ರೈಲು

ನನ್ನ ಮನಸ್ಸು ಇರುವುದು ಇದರಲ್ಲಿ.

ಕ್ರಾಮ್‌ಫರ್ಡ್ ಹತ್ತಿರದ ಹೈ ಪೀಕ್ ಜಂಕ್ಷನ್‌ನಿಂದ ಬಕ್ಸ್‌ಟನ್ ಕಡೆಯ ಡೌಲೋ ತನಕ 17 ಮೈಲಿ, 27 ಕಿ.ಮೀ. ಈ ರೈಲು 1831ರಲ್ಲೇ ಪೂರ್ತಿಯಾಯಿತು. ಎರಡು ಕಾಲುವೆಗಳ ನಡುವೆ ಗುಡ್ಡ ಇತ್ತು, ಅದರ ಮೇಲೆ ಕಾಲುವೆ ತೋಡಲು ನೀರಿಲ್ಲ. ಅದಕ್ಕೆ ಹಳಿ ಹಾಕಿದರು. ಆದರೆ ಯೋಚನೆ ಕಾಲುವೆಯದೇ: ಉದ್ದಕ್ಕೂ ಸಮತಟ್ಟು, ಮಟ್ಟ ಬದಲಾಗಬೇಕಾದಲ್ಲಿ ಒಮ್ಮೆಲೇ ಕಡಿದಾದ ಏರು. ಕಾಲುವೆಯಲ್ಲಿ ದೋಣಿ ಎತ್ತುವ ಲಾಕ್ ಇರುವ ಹಾಗೆ, ಇಲ್ಲಿ ಉಗಿ ಯಂತ್ರ ಮೇಲೆ ನಿಂತು ವ್ಯಾಗನ್‌ಗಳನ್ನು ಎಳೆಯುತ್ತಿತ್ತು. ಮಿಡಲ್‌ಟನ್ ಟಾಪ್‌ನಲ್ಲಿ 1829ರ ಆ ಯಂತ್ರ ಇನ್ನೂ ಇದೆ.

ಹಾಗಾಗಿ ಕ್ರಾಮ್‌ಫರ್ಡ್ ಕಡೆಯಿಂದ ಶುರು ಮಾಡಿದರೆ ಮೊದಲ ಗಂಟೆ ಕಷ್ಟ. ಮಿಡಲ್‌ಟನ್ ಏರು ಎಂಟು ಅಡಿಗೆ ಒಂದು ಅಡಿ. ಹಿಂದೆ ಎರಡು ಬ್ಯಾಗು, ಟೆಂಟು ಕಟ್ಟಿಕೊಂಡಿದ್ದ ನಾನು ಇಳಿದು ತಳ್ಳಿದೆ. ಆದರೆ ಮೇಲೆ ಹೋದ ಮೇಲೆ ಬೇರೆಯೇ ಲೋಕ. ದಾರಿ ಗುಡ್ಡದ ಹೆಗಲ ಮೇಲೇ ಸಾಗುತ್ತದೆ. ಕಡಿತ ಕಮ್ಮಿ, ನೋಟ ಜಾಸ್ತಿ. ನೆಲ ಬಾಗಿದ ಹಾಗೇ ದಾರಿಯೂ ಬಾಗುತ್ತದೆ. ಗಾಥಮ್ ಅನ್ನುವಲ್ಲಿ ಎಷ್ಟು ಬಿಗಿ ತಿರುವು ಅಂದರೆ, ಇಲ್ಲಿ ರೈಲು ಹೇಗೆ ತಿರುಗಿತೋ ಅನ್ನಿಸುತ್ತದೆ. ಮಿನಿಂಗ್ಲೋ ಗುಡ್ಡದ ನೆತ್ತಿಯ ಮರಗಳ ಗುಂಪು ಮೈಲಿಗಟ್ಟಲೆ ದೂರದಿಂದ ಕಾಣುತ್ತದೆ. ಅದರ ಕೆಳಗೆ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಏರಿಯ ಮೇಲೆ ಕೂತು ಬುತ್ತಿಯ ಚಿತ್ರಾನ್ನ ತಿಂದೆ. ಬಾನಾಡಿಗಳ ಸದ್ದು, ಕುರಿ, ಗಾಳಿ. ಅರ್ಧ ಗಂಟೆಯಲ್ಲಿ ದಾಟಿ ಹೋದವರು ಇಬ್ಬರೇ.

ಆ ಗಾಳಿಯ ಬಗ್ಗೆ ಹೇಳಲೇಬೇಕು. ಅಲ್ಲಿ ಮರೆ ಇಲ್ಲ. ಇಲ್ಲಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಆದ್ದರಿಂದ ಈ ದಾರಿಯಲ್ಲೂ ಸಿಗುವ ಪಾರ್ಸ್ಲಿ ಹೇಯಿಂದ ಕ್ರಾಮ್‌ಫರ್ಡ್ ಕಡೆಗೆ ತುಳಿದರೆ ಹಗುರ. ಆದರೆ ಆಗ ಕಡಿದಾದ ಇಳಿಜಾರು ಕೊನೆಗೆ ಬರುತ್ತದೆ. ಮಳೆ ಬಿದ್ದಿದ್ದರೆ ಇಳಿದು ನಡೆಯಿರಿ.

ಡರ್ಬಿಯಿಂದ ಹೋಗುವವರಿಗೆ ಇನ್ನೊಂದು ಅನುಕೂಲ: ಕ್ರಾಮ್‌ಫರ್ಡ್‌ಗೆ ರೈಲಿದೆ. ಆಶ್‌ಬೋರ್ನ್‌ಗೂ ಬೇಕ್‌ವೆಲ್‌ಗೂ ಈಗ ರೈಲಿಲ್ಲ.

ಟೈರು, ಧೂಳು

ಮೂರರಲ್ಲೂ ಹಾಸಿರುವುದು ಪುಡಿ ಮಾಡಿದ ಸುಣ್ಣದ ಕಲ್ಲು. ಮಾನ್ಸಲ್‌ನಲ್ಲಿ 28 ಮಿ.ಮೀ. ಅಗಲದ ಟೈರು ನಡೆಯುತ್ತದೆ. ಹೈ ಪೀಕ್‌ನಲ್ಲಿ ಕೆಲವು ಕಡೆ ಕಲ್ಲು ಒರಟು, 38ಕ್ಕಿಂತ ಕಮ್ಮಿ ಬೇಡ. ಮಳೆಯಲ್ಲಿ ಆ ಪುಡಿ ಬಿಳಿ ಗಂಜಿಯಾಗಿ ಚೈನಿಗೆ ಮೆತ್ತಿಕೊಳ್ಳುತ್ತದೆ. ಒಣಗಿದರೆ ಗೋಡೆಗೆ ಬಳಿದ ಸುಣ್ಣದ ಹಾಗೆ ಗಟ್ಟಿ. ಅವತ್ತೇ ನೀರು ಹಾಕಿ ತೊಳೆದು, ಒರೆಸಿ, ಎಣ್ಣೆ ಬಿಡಿ.

ಅರ್ಧ ದಿನ ಮಾತ್ರ ಇದ್ದರೆ ಮಾನ್ಸಲ್. ಮಕ್ಕಳಿದ್ದರೆ ಟಿಸಿಂಗ್ಟನ್. ಎರಡು ದಿನ ಇದ್ದರೆ ಕ್ರಾಮ್‌ಫರ್ಡ್‌ನಲ್ಲಿ ರೈಲಿಳಿದು, ಹೈ ಪೀಕ್ ಹಿಡಿದು ಪಾರ್ಸ್ಲಿ ಹೇ ತನಕ ಹೋಗಿ, ಮಾರನೇ ದಿನ ಟಿಸಿಂಗ್ಟನ್ ಇಳಿಜಾರಿನಲ್ಲಿ ಆಶ್‌ಬೋರ್ನ್‌ಗೆ ಬನ್ನಿ. ಎರಡು ದಾರಿ ಪಾರ್ಸ್ಲಿ ಹೇಗಿಂತ ಸ್ವಲ್ಪ ಕೆಳಗೆ ಕೂಡುತ್ತವೆ, ಅಲ್ಲಿ ರಸ್ತೆಗೆ ಇಳಿಯುವ ಮಾತೇ ಇಲ್ಲ. ಮಗಳಿಗೆ ಈಗ ಹದಿಮೂರು. ಮುಂದಿನ ಬೇಸಿಗೆಗೆ ಅವಳ ಸೈಕಲ್ಲಿಗೂ ಹಿಂದೆ ಕ್ಯಾರಿಯರ್ ಹಾಕಿಸಿದ್ದೇವೆ.