ಮೊದಲು ಪಿಂಕ್ ಫ್ಲಾಯ್ಡ್ ಕೇಳಲಾ, ಯೆಸ್ ಕೇಳಲಾ?

ಪ್ರೋಗ್ರೆಸಿವ್ ರಾಕ್ (ಉದ್ದುದ್ದ ಹಾಡು, ಬದಲಾಗುವ ಲಯಗಳ ರಾಕ್ ಸಂಗೀತ) ಎಲ್ಲಿಂದ ಶುರು ಮಾಡಲಿ ಅಂತ ಧಾರವಾಡದ ಗೆಳೆಯ ಕೇಳಿದ. ಅವನ ಮನೆಯಲ್ಲಿ ಬೆಳಗಾದರೆ ಮಲ್ಲಿಕಾರ್ಜುನ ಮನ್ಸೂರರ ದನಿ. ಅಂಥ ಕಿವಿಗೆ ನಾನು ಹೇಳುವುದು ಪಿಂಕ್ ಫ್ಲಾಯ್ಡ್‌ನ ‘ವಿಶ್ ಯು ವರ್ ಹಿಯರ್’ (1975) ಆಲ್ಬಂ.

ಮೊದಲ ಹಾಡೇ 13 ನಿಮಿಷಕ್ಕಿಂತ ಜಾಸ್ತಿ. ಮಾತು ಬರುವುದು 8 ನಿಮಿಷ ದಾಟಿದ ಮೇಲೆ. ಅಲ್ಲಿವರೆಗೆ ಕೀಬೋರ್ಡ್ ತಂಬೂರಿಯ ಹಾಗೆ ಹರಡಿಕೊಂಡಿರುತ್ತದೆ. ನಡುವೆ ಡೇವಿಡ್ ಗಿಲ್ಮೋರ್ ಗಿಟಾರ್‌ನಲ್ಲಿ ನಾಲ್ಕೇ ಸ್ವರ ನುಡಿಸಿ, ಅವು ಕರಗುವವರೆಗೂ ಕಾಯುತ್ತಾರೆ. ವಿಲಂಬಿತ ಖ್ಯಾಲ್ (ಹಿಂದೂಸ್ತಾನಿಯ ನಿಧಾನಗತಿಯ ಗಾಯನ) ಕೇಳಿದವರಿಗೆ ಈ ಕಾಯುವುದು ಹೊಸದಲ್ಲ, ಅಲ್ವಾ? ತಂಡದಿಂದ ದೂರವಾದ ಸಿಡ್ ಬ್ಯಾರೆಟ್‌ಗಾಗಿ ಕಟ್ಟಿದ ಹಾಡದು. ಆ ಸಂಕಟ ಮಾತಿಗಿಂತ ಮೊದಲು ತಂತಿಯಲ್ಲೇ ಕೇಳುತ್ತದೆ. ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ (1972) ದಾರಿಯೇ ಬೇರೆ. ಇಡೀ ಆಲ್ಬಂನಲ್ಲಿ ಮೂರೇ ಹಾಡು, ಮೊದಲನೆಯದು 18 ನಿಮಿಷ. ಹಕ್ಕಿಗಳ ಚಿಲಿಪಿಲಿ, ನೀರಿನ ಸದ್ದು, ಆಮೇಲೆ ಒಮ್ಮೆಲೇ ಎಲ್ಲ ವಾದ್ಯಗಳೂ ಮೈಮೇಲೆ ಬೀಳುತ್ತವೆ. ನನಗೆ ಹಿಡಿಸಲು ನಾಲ್ಕೈದು ಸಲ ಬೇಕಾಯಿತು. ಆದರೆ ಲಯದ ಲೆಕ್ಕದಲ್ಲಿ ಖುಷಿ ಕಾಣುವವರು ಇದನ್ನೇ ಮೊದಲು ಹಾಕಿಕೊಳ್ಳಲಿ.

ಗೆಳೆಯನಿಗೆ ಫ್ಲಾಯ್ಡ್ ಕೊಟ್ಟೆ. ತಬಲಾ ಕಲಿಯುವ ಅವನ ತಮ್ಮನಿಗೆ ಯೆಸ್.