ಮಾತ್ರೆ ಲೈನಿನ ಎನ್‌ಐಆರ್ ಪ್ರೋಬ್: ಮೂರು ವರ್ಷ ಬಳಸಿದ ಮೇಲೆ

ನಮ್ಮ ಕಂಟಿನ್ಯೂಯಸ್ ಲೈನಿಗೆ (ಪುಡಿಯಿಂದ ಮಾತ್ರೆ ತನಕ ನಿಲ್ಲದೆ ಓಡುವ ಲೈನ್) ಈ ನಿಯರ್ ಇನ್‌ಫ್ರಾರೆಡ್ (ಎನ್‌ಐಆರ್) ಪ್ರೋಬ್, ಅಂದರೆ ಬೆಳಕಿನಿಂದ ಪುಡಿ ಅಳೆಯುವ ಸಾಧನ, ಕೂರಿಸಿ ಮೂರು ವರ್ಷ ದಾಟಿತು. ಮಾತ್ರೆ ಒತ್ತುವ ಯಂತ್ರದ ಫೀಡ್ ಫ್ರೇಮಿನಲ್ಲಿ, ಪುಡಿ ಡೈಗೆ (ಮಾತ್ರೆಯ ಅಚ್ಚಿಗೆ) ಬೀಳುವ ಸ್ವಲ್ಪ ಮುಂಚೆ ಇದರ ಕಣ್ಣಿದೆ. ಪುಡಿಯಲ್ಲಿ ಔಷಧ ಎಷ್ಟಿದೆ ಅಂತ ಕೆಲವು ಸೆಕೆಂಡಿಗೊಮ್ಮೆ ಹೇಳುತ್ತದೆ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ.

ಬ್ಯಾಚ್ ಪದ್ಧತಿಯಲ್ಲಿ ಸ್ಯಾಂಪಲ್ ಲ್ಯಾಬಿಗೆ ಹೋಗಿ ಎಚ್‌ಪಿಎಲ್‌ಸಿ (ಔಷಧದ ಪ್ರಮಾಣ ಅಳೆಯುವ ಲ್ಯಾಬ್ ಪರೀಕ್ಷೆ) ರಿಸಲ್ಟ್ ಬರುವ ತನಕ ಪುಡಿ ಡ್ರಮ್ಮಿನಲ್ಲಿ ಸುಮ್ನೆ ಕೂತಿರುತ್ತದೆ. ಇಲ್ಲಿ ಹಾಗಲ್ಲ, ರಿಸಲ್ಟ್ ಬರುವಷ್ಟರಲ್ಲಿ ಸಾವಿರಾರು ಮಾತ್ರೆ ಹೊರಗೆ ಬಿದ್ದಿರುತ್ತವೆ. ಜಾಸ್ತಿ ತಲೆನೋವು ಫೀಡರಿಗೆ (ತನ್ನ ತೂಕ ನೋಡಿಕೊಂಡು ಸ್ಕ್ರೂ ತಿರುಗಿಸಿ ಲೈನಿಗೆ ಪುಡಿ ಬಿಡುವ ಯಂತ್ರ) ಪುಡಿ ತುಂಬುವ ಹೊತ್ತು. ಆ ಕೆಲವು ಕ್ಷಣ ಫೀಡರಿಗೆ ತನ್ನ ತೂಕ ನಂಬುವ ಹಾಗಿಲ್ಲ. ಸ್ಕ್ರೂ ಒಂದೇ ವೇಗದಲ್ಲಿ ಕುರುಡಾಗಿ ತಿರುಗುತ್ತದೆ. ಅಳತೆ ಏರುಪೇರಾದರೆ ಮುಂಚೆ ನಮಗೆ ಅಂದಾಜೇ ಗತಿ. ಈಗ ಸ್ಕ್ರೀನಿನಲ್ಲಿ ಉಬ್ಬು ಕಾಣುತ್ತದೆ, ಮಿತಿ ದಾಟಿದರೆ ಗೇಟ್ ತಿರುಗಿ ಆ ಹೊತ್ತಿನ ಮಾತ್ರೆಗಳು ಮಾತ್ರ ರಿಜೆಕ್ಟ್ ಡಬ್ಬಕ್ಕೆ ಹೋಗುತ್ತವೆ. ಇದೊಂದಕ್ಕೇ ಹಾಕಿದ ದುಡ್ಡು ವಸೂಲು.

ಈಗ ಕಳೆದ ಸ್ಟಾರಿನ ಕಥೆ. ಒಂದು ರಾತ್ರಿ ಶಿಫ್ಟಿನಲ್ಲಿ ಆಪರೇಟರ್ ಖುಷಿಯಿಂದ ಕರೆದ: "ಸಾರ್, ಗ್ರಾಫ್ ನೋಡಿ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ!" ನೋಡಿದೆ. ಇರಬೇಕಾದ ಔಷಧದ ಶೇಕಡಾ 100.2, 100.2, ಮತ್ತೆ 100.2. ನನಗೆ ಎದೆ ಧಸಕ್ಕೆಂದಿತು. ಓಡುತ್ತಿರುವ ಪುಡಿ ಯಾವತ್ತೂ ಅಷ್ಟು ಸಮಾಧಾನವಾಗಿ ಇರುವುದಿಲ್ಲ, ಅಲ್ವಾ? ಲೈನ್ ನಿಲ್ಲಿಸಿ ಬಿಚ್ಚಿದರೆ, ಪ್ರೋಬಿನ ಗಾಜಿಗೆ ನಾಣ್ಯದಷ್ಟು ಅಗಲ ಪುಡಿ ಅಂಟಿಕೊಂಡಿತ್ತು. ನಲವತ್ತು ನಿಮಿಷ ಅದು ಅದೇ ಹೆಪ್ಪನ್ನು ನೋಡುತ್ತಾ ಎಲ್ಲ ಸರಿ ಇದೆ ಅಂತ ಹೇಳುತ್ತಿತ್ತು. ಅಷ್ಟೂ ಮಾತ್ರೆಗಳನ್ನು ತಡೆಹಿಡಿದು ಲ್ಯಾಬಿಗೆ ಕಳಿಸಬೇಕಾಯಿತು.

ಅಂಕಿ ಹೆಚ್ಚು ಕಡಿಮೆ ಆದರೆ ಕೂಗುವ ಅಲಾರಾಂ ಸಾಫ್ಟ್‌ವೇರಿನಲ್ಲಿತ್ತು. ಅಂಕಿ ಅಲುಗಾಡದೆ ನಿಂತರೆ ಕೂಗುವುದು ಇರಲಿಲ್ಲ. ಅದನ್ನು ನಾವೇ ಸೇರಿಸಿಕೊಂಡೆವು. ಜೊತೆಗೆ ಫೀಡರ್ ತೂಕದಿಂದ ಲೆಕ್ಕ ಹಾಕಿದ ಅಂಕಿಯನ್ನೂ ಪಕ್ಕದಲ್ಲೇ ಓಡಿಸುತ್ತೇವೆ. ಎರಡಕ್ಕೂ ತಾಳೆಯಾಗದಿದ್ದರೆ ಯಾರಾದರೂ ಹೋಗಿ ಗಾಜು ನೋಡುತ್ತಾರೆ.

ಒಳಗಿನ ಲೆಕ್ಕದ ಮಾಡೆಲ್ ಬಗ್ಗೆ ಮಾರುವವರು ಜಾಸ್ತಿ ಮಾತಾಡುವುದಿಲ್ಲ. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಪಿಎಟಿ (ತಯಾರಿಕೆ ನಡೆಯುವಾಗಲೇ ಅಳೆಯುವ ಪದ್ಧತಿ) ಮಾರ್ಗಸೂಚಿ ತಂದಿತು, 2022ರಲ್ಲಿ ಕಂಟಿನ್ಯೂಯಸ್ ತಯಾರಿಕೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್ ಕ್ಯೂ13 ಬಂತು, ಎಲ್ಲ ಸರಿ. ಆದರೆ ಪ್ರೋಬ್ ಅಳೆಯುವುದು ಬೆಳಕನ್ನು. ಅದನ್ನು ಔಷಧದ ಅಂಕಿಯಾಗಿ ಮಾಡುವುದು ಮಾಡೆಲ್. ಪುಡಿಗೆ ಬೆರೆಸುವ ಸೆಲ್ಯುಲೋಸಿನ ಹೊಸ ಲಾಟ್ ಬಂದು ತೇವ ಸ್ವಲ್ಪ ಬದಲಾದರೂ ಸಾಕು, 1940 ನ್ಯಾನೋಮೀಟರ್ ಹತ್ತಿರ ನೀರಿನ ಗುರುತು ಎದ್ದು ಅಂಕಿ ಪಕ್ಕಕ್ಕೆ ಸರಿಯುತ್ತದೆ. ನಮಗೆ ಎರಡು ಸಲ ಹೀಗಾಯಿತು. ಲ್ಯಾಬ್ ರಿಸಲ್ಟ್ ಸರಿ, ಪ್ರೋಬ್ ತಪ್ಪು. ಪ್ರತಿ ಸಲ ಹೊಸ ಸ್ಯಾಂಪಲ್, ಹೊಸ ವ್ಯಾಲಿಡೇಶನ್ (ಮಾಡೆಲ್ ಸರಿಯಿದೆ ಅಂತ ತೋರಿಸುವ ಪರೀಕ್ಷೆ), ಚೇಂಜ್ ಕಂಟ್ರೋಲ್ (ಬದಲಾವಣೆಗೆ ಒಪ್ಪಿಗೆ ಪಡೆಯುವ) ಕಾಗದಗಳ ಗುಡ್ಡೆ.

ಔಷಧದ ಪ್ರಮಾಣ ಶೇಕಡಾ ಒಂದಕ್ಕಿಂತ ಕಡಿಮೆ ಇದ್ದರೆ ಕೊಳ್ಳುವ ಮುಂಚೆ ನಿಮ್ಮದೇ ಪುಡಿಯಲ್ಲಿ ಟ್ರಯಲ್ ಕೇಳಿ. ಅಷ್ಟು ಸಣ್ಣ ಸದ್ದು ಹಿಡಿಯುವುದು ಇದಕ್ಕೆ ಕಷ್ಟ. ಪ್ರೋಬಿಗೆ ಬೆಳಕು ಕೊಡುವ ಹ್ಯಾಲೋಜನ್ ದೀಪ ಒಂದು ಸ್ಪೇರ್ ಇರಲಿ. ನಮ್ಮದು ಹೋದದ್ದು ಭಾನುವಾರ.