ಜಾತ್ರೆಯ ಆತುರಕ್ಕೆ ಆರು ವರ್ಷದ ಮಗಳ ಮೂಗು ಚುಚ್ಚಿಸಿ ನಾವು ಪಟ್ಟ ಪಾಡು

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಹತ್ತಿರವಾದಾಗ ಮನೆಮನೆಗೂ ಸುಣ್ಣಬಣ್ಣವಾಗುತ್ತದೆ, ಬೀಗರು ನೆಂಟರು ಬಂದು ಸೇರುತ್ತಾರೆ, ಮಕ್ಕಳ ಹೊಸ ಬಟ್ಟೆಯ ಜೊತೆಗೆ ಒಡವೆಯ ಮಾತೂ ಏಳುತ್ತದೆ. ಅಂಥ ಒಂದು ಜಾತ್ರೆಗೆ ಮೂರು ದಿನ ಮೊದಲು ನಾವು ಆರು ವರ್ಷದ ಮಗಳಿಗೆ ಮೂಗು ಚುಚ್ಚಿಸಿದೆವು. ಒಂಬತ್ತನೆಯ ದಿನ ವೈದ್ಯರು ಅವಳ ಮೂಗಿಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಮಾಂಸದೊಳಗೆ ಹೂತುಹೋಗಿದ್ದ ಮೂಗುತಿಯನ್ನು ಕೊಯ್ದು ತೆಗೆಯಬೇಕಾಯಿತು. ಇದೇ ಆಲೋಚನೆಯಲ್ಲಿರುವ ತಂದೆತಾಯಿಗಳು ಒಮ್ಮೆ ನಿಂತು ಯೋಚಿಸಲಿ ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಆಸೆ ನಮ್ಮ ಅತ್ತೆಯವರದು. ಮೊಮ್ಮಗಳಿಗೆಂದು ಕೆಂಪು ಹರಳಿನ ಪುಟ್ಟ ಮೂಗುಬೊಟ್ಟನ್ನು ಅವರು ಮೊದಲೇ ಮಾಡಿಸಿಟ್ಟಿದ್ದರು. "ನನಗೆ ಐದು ವರ್ಷಕ್ಕೇ ಚುಚ್ಚಿದ್ದರು, ಏನಾಯ್ತವ್ವಾ? ಎಳೇ ಮೂಗಿದ್ದಾಗಲೇ ನೋವು ಕಡಿಮೆ" ಎಂದರು. ಮಗಳನ್ನು ಕೇಳಿದಾಗ ಅವಳೂ ಹೂಂ ಎಂದಳು. ಅಜ್ಜಿ ಕೈಯಲ್ಲಿ ಹಿಡಿದು ತೋರಿಸುತ್ತಿದ್ದ ಹೊಳೆಯುವ ಹರಳಿಗೆ ಅವಳು ಹೂಂ ಎಂದಿದ್ದಳೇ ಹೊರತು ಚುಚ್ಚುವುದಕ್ಕಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ತಾಯಿಯಾದ ನಾನೇ ಬೇಡವೆನ್ನಬೇಕಿತ್ತು, ಏಕೆಂದರೆ ಆ ವಾರವೆಲ್ಲ ಅವಳಿಗೆ ನೆಗಡಿಯಾಗಿ ಮೂಗು ಸೋರುತ್ತಿತ್ತು.

ಅತ್ತೆಯವರ ಕಾಲದಲ್ಲಿ ಪತ್ತಾರರು ಮನೆಗೇ ಬಂದು, ತೆಳುವಾದ ಚಿನ್ನದ ತಂತಿಯ ಚೂಪು ತುದಿಯಿಂದ ಚುಚ್ಚಿ, ಅದನ್ನೇ ಬಳೆಯಂತೆ ಬಾಗಿಸಿ ಬಿಡುತ್ತಿದ್ದರಂತೆ. ನಾವು ಹೋದ ಅಂಗಡಿಯಲ್ಲಿ ಇದ್ದದ್ದು ಒತ್ತಿದೊಡನೆ ಒಡವೆಯ ಕಡ್ಡಿಯನ್ನು ಚುಚ್ಚಿ ಕೂರಿಸುವ ಗನ್. ಹುಡುಗನೊಬ್ಬ ಅದರ ಮುಂಭಾಗವನ್ನು ಹತ್ತಿಯಿಂದ ಒರೆಸಿ, ಹೊಳ್ಳೆಗೆ ಇಟ್ಟು ಒತ್ತಿದ. ಮಗಳು ಕಿರುಚುವಷ್ಟರಲ್ಲಿ ಕೆಲಸ ಮುಗಿದಿತ್ತು. ಚಿನ್ನದ ಬೊಟ್ಟನ್ನು ಒಂದು ತಿಂಗಳ ಮೇಲೆ ಹಾಕಿ, ಅಲ್ಲಿಯವರೆಗೆ ಗನ್‌ನ ಕಡ್ಡಿಯೇ ಇರಲಿ ಎಂದರು. ಚಿನ್ನದ ಬಣ್ಣ ಬಳಿದ ಆ ಕಡ್ಡಿ ಯಾವ ಲೋಹದ್ದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಜಾತ್ರೆಯ ದಿನ ಧೂಳಿನಲ್ಲಿ, ಜನಜಂಗುಳಿಯಲ್ಲಿ ಅವಳು ಮೂಗನ್ನು ಎಷ್ಟು ಸಲ ಮುಟ್ಟಿಕೊಂಡಳೋ ಲೆಕ್ಕವಿಲ್ಲ. ಐದನೆಯ ದಿನಕ್ಕೆ ಹೊಳ್ಳೆ ಕೆಂಪಾಗಿ ಬಿಸಿಯಾಯಿತು. ಹೊಸ ಗಾಯ ಹಾಗೆಯೇ ಇರುತ್ತದೆ ಎಂದುಕೊಂಡು ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದೆವು. ಏಳನೆಯ ದಿನ ಕೀವು ಕಂಡಾಗ ನಾನು ನನ್ನ ಕೈಯಾರೆ ಅದನ್ನು ಹಿಂಡಿ ತೆಗೆದೆ. ಎಂಟನೆಯ ರಾತ್ರಿ ಜ್ವರ ಬಂತು, ಕೆನ್ನೆಯವರೆಗೆ ಬಾವು ಹರಡಿತು, "ಅಮ್ಮಾ, ಬಿಚ್ಚಮ್ಮಾ" ಎಂದು ಅವಳು ಗೋಗರೆದಳು. ಬಿಚ್ಚಲು ಹೋದರೆ ಮೂಗಿನೊಳಗೆ ಹಿಂಬದಿಯ ಬಿಲ್ಲೆಯೇ ಕಾಣುತ್ತಿರಲಿಲ್ಲ.

ಮರುದಿನ ಕಿವಿ, ಮೂಗು, ಗಂಟಲಿನ ವೈದ್ಯರು ಮೊದಲು ಕೇಳಿದ್ದು ಚುಚ್ಚಿದ್ದು ಯಾವುದರಿಂದ ಎಂದು. ಗನ್ ಎಂದಾಗ ಅವರು ವಿವರಿಸಿದ್ದನ್ನು ನೆನಪಿರುವಷ್ಟು ಇಲ್ಲಿ ಬರೆಯುತ್ತೇನೆ. ಗನ್ ಕಿವಿಯ ಹಾಲೆಗೆಂದು ಮಾಡಿದ ಸಾಧನ. ಸೂಜಿ ಕೊಯ್ದುಕೊಂಡು ದಾರಿ ಮಾಡಿದರೆ, ಗನ್ ಮೊಂಡಾದ ಕಡ್ಡಿಯನ್ನು ರಭಸದಿಂದ ನುಗ್ಗಿಸಿ ಸುತ್ತಲಿನ ಮಾಂಸವನ್ನು ಜಜ್ಜುತ್ತದೆ. ಆಸ್ಪತ್ರೆಯ ಉಪಕರಣಗಳನ್ನು 121 ಡಿಗ್ರಿ ಸೆಲ್ಸಿಯಸ್ ಉಗಿಯಲ್ಲಿ ಒತ್ತಡದೊಂದಿಗೆ ಹದಿನೈದು ನಿಮಿಷವಾದರೂ ಇಟ್ಟು ಶುದ್ಧಿಮಾಡುತ್ತಾರೆ. ಪ್ಲಾಸ್ಟಿಕ್ ಭಾಗಗಳಿರುವ ಗನ್‌ಗೆ ಅದು ಸಾಧ್ಯವಿಲ್ಲ, ಬರೀ ಒರೆಸಿದರೆ ಸಾಲದು. ಕಿವಿಯ ಹಾಲೆಯಲ್ಲಿ ಮೆತ್ತನೆಯ ಮಾಂಸವಿದ್ದು ರಕ್ತ ಚೆನ್ನಾಗಿ ಹರಿಯುವುದರಿಂದ ಗಾಯ ಆರರಿಂದ ಎಂಟು ವಾರಗಳಲ್ಲಿ ಮಾಯುತ್ತದೆ. ಮೂಗಿನ ಹೊಳ್ಳೆಯಲ್ಲಿ ಸ್ವಲ್ಪ ಮೇಲಕ್ಕೆ ಸರಿದರೂ ಮೃದ್ವಸ್ಥಿ, ಅಂದರೆ ಬಾಗುವಂಥ ಮೆತ್ತನೆಯ ಎಲುಬು, ತಗಲುತ್ತದೆ. ಅದಕ್ಕೆ ತನ್ನದೇ ರಕ್ತನಾಳಗಳಿಲ್ಲದ ಕಾರಣ ಅಲ್ಲಿ ಸೋಂಕು ಹಿಡಿದರೆ ಬೇಗ ಬಿಡದು, ಗಾಯ ಪೂರ್ತಿ ಮಾಯಲು ಹಲವು ತಿಂಗಳು ಬೇಕು. ಕೀವು ತರುವ ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣು ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಇರುತ್ತದೆ. ನೆಗಡಿಯಾದ ಮಗು ಮೂಗೊರೆಸಿದ ಬೆರಳಿನಿಂದಲೇ ಗಾಯವನ್ನು ಮುಟ್ಟಿದರೆ ಮತ್ತೇನು ಬೇಕು? ಬಾವು ಬಂದಾಗ ಗನ್‌ನ ಗಿಡ್ಡ ಕಡ್ಡಿಯಲ್ಲಿ ಮಾಂಸ ಉಬ್ಬಲು ಜಾಗವಿಲ್ಲದೆ ಬಿಲ್ಲೆ ಒಳಗೇ ಹೂತುಹೋಗುತ್ತದೆ. ನಮ್ಮ ಮಗಳಿಗೆ ಆದದ್ದು ಇದೇ.

ಕೀವನ್ನು ಹಿಂಡಿದೆ ಎಂದು ಹೇಳಿದಾಗ ಅವರ ಮುಖ ಗಂಭೀರವಾಯಿತು. ಮೂಗಿನ ಸುತ್ತಲಿನ ರಕ್ತನಾಳಗಳಿಗೆ ತಲೆಯೊಳಗಿನ ನಾಳಗಳ ಸಂಪರ್ಕವಿದೆ, ಅಲ್ಲಿನ ಸೋಂಕು ಅಪರೂಪಕ್ಕಾದರೂ ಮೆದುಳಿನ ಬಳಿಗೆ ಹೋಗಬಹುದು, ಆದ್ದರಿಂದ ಎಂದಿಗೂ ಹಿಂಡಬಾರದು ಎಂದರು. ಆ ಮಾತು ನೆನಪಾದರೆ ಈಗಲೂ ನನ್ನ ಕೈ ನಡುಗುತ್ತದೆ. ಶಾಲೆಗೆ ಸೇರಿಸುವ ಮುನ್ನ ಐದು ವರ್ಷದ ಡಿಪಿಟಿ ಲಸಿಕೆ ಹಾಕಿಸಿದ್ದೆವಾದ್ದರಿಂದ ಧನುರ್ವಾಯುವಿನ ಚಿಂತೆ ಮಾತ್ರ ಇರಲಿಲ್ಲ. ಆಂಟಿಬಯೋಟಿಕ್ ಕೊಟ್ಟರು, ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಯಿತು, ಅವಳು ಎರಡು ವಾರ ಶಾಲೆಗೆ ಹೋಗಲಿಲ್ಲ. ರಂಧ್ರ ಮುಚ್ಚಿಕೊಂಡಿತು. ಅದರ ಜಾಗದಲ್ಲಿ ಗಟ್ಟಿಯಾದ ಗಂಟಿನಂಥ ಕಲೆ ಉಳಿದಿದೆ.

ಹಾಗಾದರೆ ಯಾವ ವಯಸ್ಸಿಗೆ ಚುಚ್ಚಿಸಬಹುದು ಎಂದು ಕೇಳಿದೆ. ವೈದ್ಯರು ಅಂಕಿ ಹೇಳಲಿಲ್ಲ. ತಿಂಗಳುಗಟ್ಟಲೆ ದಿನಕ್ಕೆರಡು ಸಲ ಕೈ ತೊಳೆದುಕೊಂಡು ತನ್ನ ಗಾಯವನ್ನು ತಾನೇ ಉಪ್ಪುನೀರಿನಲ್ಲಿ ಶುಚಿಗೊಳಿಸಬಲ್ಲಳೇ, ನೋವಾದ ದಿನವೇ ಮುಚ್ಚಿಡದೆ ಹೇಳಬಲ್ಲಳೇ ಎಂದು ನನ್ನನ್ನೇ ಕೇಳಿದರು. ಆರು ವರ್ಷದ ಮಗು ಎರಡನ್ನೂ ಮಾಡಲಾರದು. ಮಲಗಿದ್ದಾಗ ಮೂಗುತಿ ಕಳಚಿ ಗಂಟಲಿಗೆ, ಅಲ್ಲಿಂದ ಶ್ವಾಸನಾಳಕ್ಕೆ ಇಳಿಯುವ ಅಪಾಯವೂ ಚಿಕ್ಕ ಮಕ್ಕಳಿಗೆ ಇದೆ. ಮೂಗು ಹದಿಹರೆಯದವರೆಗೂ ಬೆಳೆಯುವುದರಿಂದ ಇಂದು ಸರಿಯೆನಿಸಿದ ಜಾಗ ನಾಳೆ ಸರಿಯಾಗಿರುತ್ತದೆ ಎಂದೂ ಹೇಳಲಾಗದು. ನನ್ನ ಮಟ್ಟಿಗೆ ಹೈಸ್ಕೂಲು ಮುಟ್ಟುವ ಮೊದಲು ಈ ಮಾತೇ ಬೇಡ. ಆಗಲೂ ಅಜ್ಜಿಯೂ ಅಮ್ಮನೂ ಎದುರಿಗಿಲ್ಲದಾಗ ಅವಳು ತಾನಾಗಿ ಬೇಕೆಂದರೆ ಮಾತ್ರ. ಮನೆಯಲ್ಲಿ ಯಾರಿಗಾದರೂ ಗಾಯದ ಮೇಲೆ ಉಬ್ಬುಗಲೆ ಏಳುವ ಪ್ರಕೃತಿಯಿದ್ದರೆ, ಇಮಿಟೇಷನ್ ಒಡವೆಯಿಂದ ತುರಿಕೆ ಬರುತ್ತಿದ್ದರೆ, ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಈಗಾಗಲೇ ಚುಚ್ಚಿಸಿದವರು ಕೆಂಪು, ಬಿಸಿ, ಬಾವು, ಕೀವು ಕಂಡ ದಿನವೇ ವೈದ್ಯರ ಬಳಿಗೆ ಹೋಗಿ. ಒಡವೆಯನ್ನು ತೆಗೆಯಬೇಕೋ ಇರಿಸಬೇಕೋ ಎಂಬುದನ್ನು ಅವರೇ ನಿರ್ಧರಿಸಲಿ. ನಾವು ಅರಿಶಿನ ಹಚ್ಚುತ್ತ ಕಳೆದ ನಾಲ್ಕು ದಿನಗಳೇ ಸಣ್ಣ ಗಾಯವನ್ನು ದೊಡ್ಡದು ಮಾಡಿದ್ದು.

ಮಗಳಿಗೆ ಈಗ ಎಂಟು ವರ್ಷ. ಅತ್ತೆಯವರು ಆ ಕೆಂಪು ಹರಳಿನ ಬೊಟ್ಟನ್ನು ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಾರೆ. ಈ ಸಲದ ಜಾತ್ರೆಗೆ ಬಂದ ನಾದಿನಿ ತನ್ನ ನಾಲ್ಕು ವರ್ಷದ ಮಗುವಿಗೆ ಮೂಗು ಚುಚ್ಚಿಸುವ ಮಾತೆತ್ತಿದಾಗ, ಅತ್ತೆಯವರೇ ನನ್ನ ಮಗಳನ್ನು ಹತ್ತಿರ ಕರೆದು ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ತೋರಿಸಿದರು.